ಅಮ್ಮನ ತವರಿನ ಪಾಲು

ತೊಂಬತ್ತರ ದಶಕದ ಕೊನೆಯಲ್ಲಿ ಅಕ್ಕನನ್ನು ನೋಡಲು ಭದ್ರಾವತಿಯಿಂದ ಬಂದವರು ಅಪ್ಪನ ಬೆಡಗು ಕೇಳಿದರು. ತಂದೆಯಿಂದ ಬರುವ ಆ ಕುಲದ ಹೆಸರು ಎರಡೂ ಮನೆಯಲ್ಲಿ ಬೇರೆ ಬೇರೆ ಎಂದು ಖಾತ್ರಿಯಾದ ಮೇಲೆ ಮದುವೆ ಗಟ್ಟಿಯಾಯಿತು. ಅಮ್ಮನ ತವರಿನ ಬಗ್ಗೆ ಯಾರೂ ಕೇಳಲಿಲ್ಲ.

ವರ್ಷ ಕಳೆಯುವುದರೊಳಗೆ ಅಕ್ಕನ ರೆಪ್ಪೆಗಳು ಜೋತುಬಿದ್ದವು. "ಯಾವಾಗ್ಲೂ ನಿದ್ದೆಗಣ್ಣು ಇವಳಿಗೆ" ಎಂದು ಅವಳ ಅತ್ತೆ ಕಾರ್ಖಾನೆಯ ಕ್ವಾರ್ಟರ್ಸಿಗೆಲ್ಲ ಸಾರಿದರು. ಆಮೇಲೆ ಕಾಲುಗಳೂ ಸೋತವು.

ದೊಡ್ಡಾಸ್ಪತ್ರೆಯ ಡಾಕ್ಟರು ನನಗೂ ಅಮ್ಮನಿಗೂ ಬಿಡಿಸಿ ಹೇಳಿದರು. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆ, ಅದು ಬರುವುದು ತಾಯಿಯಿಂದ. ಕೆಲವರ ಮೈಯಲ್ಲಿ ಅದರ ಒಳ್ಳೆಯದೂ ಕೆಟ್ಟದ್ದೂ ಬೆರೆತಿರುತ್ತವೆ. ಒಂದೊಂದು ಅಂಡಕ್ಕೆ ಕೆಟ್ಟದ್ದರ ಒಂದೊಂದು ಪಾಲು ಹೋಗುತ್ತದೆ, ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ. ಹಸು, ಇಲಿಗಳಲ್ಲೂ ಹೀಗೇ. ಕೆಟ್ಟದ್ದು ಹೆಚ್ಚು ಬಂದವರ ಸಂತಾನ ಅಲ್ಲಿಗೇ ನಿಲ್ಲುತ್ತದೆ, ವಂಶ ತನ್ನನ್ನು ತಾನೇ ಸೋಸಿಕೊಳ್ಳುತ್ತದೆ ಎಂದರು. ಎಷ್ಟು ಸಲೀಸಾಗಿ ಬಂತು ಆ ಮಾತು. ಸೋಸಿ ಚೆಲ್ಲಿದ್ದು ನನ್ನ ಅಕ್ಕನನ್ನು.

ಅವಳು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಗೋಪಾಳ ಬಡಾವಣೆಯ ನಮ್ಮ ಮನೆಗೆ ಬೇರೊಂದು ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಅವರೂ ಅಪ್ಪನ ಬೆಡಗನ್ನೇ ಕೇಳಿದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ, "ನನ್ನ ತವರಿನ ವಿಷಯಾನೂ ಕೇಳಿ" ಅಂದಳು.

ಗಂಡಿನ ತಂದೆ ನಕ್ಕರು. "ಅದೆಲ್ಲ ಯಾಕೆ ತಾಯಿ? ಮದ್ವೆ ಆದ್ಮೇಲೆ ಹೆಂಗಸ್ರಿಗೆ ಗಂಡನ ಬೆಡಗೇ ಅಲ್ವಾ."

ನಾನು ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆ ಎಂದುಕೊಂಡಿರಬೇಕು ಅವರು. ಹಿಂದಿನ ವಾರದಿಂದಲೇ ನನ್ನ ಎಡಗಣ್ಣಿನ ರೆಪ್ಪೆ ಪೂರ್ತಿ ಮೇಲೇಳುತ್ತಿರಲಿಲ್ಲ.