ಚಿಕ್ಕಮ್ಮನ ಮಡಿಲಿನ ಗುಂಡುಕಲ್ಲು

ಇವತ್ತು ಜೆ.ಪಿ. ನಗರದಲ್ಲಿ ತಮ್ಮನ ಮಗುವಿನ ನಾಮಕರಣ. ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವ ಒರಳಿನ ಗುಂಡುಕಲ್ಲಿಗೆ ಹರಳೆಣ್ಣೆ ಸವರಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ತಿಲಕ್ ನಗರದಲ್ಲಿತ್ತು. ಅಜ್ಜಿಯ ಪ್ರಕಾರ ಒರಳು ತಾಯಿಯ ಬಸಿರು, ಅದರೊಳಗೆ ಹೊರಳುವ ಗುಂಡುಕಲ್ಲು ಕೂಸು. ಮನೆಯಲ್ಲಿ ಯಾರ ನಾಮಕರಣವಾದರೂ ಆ ಕಲ್ಲಿಗೆ ಕುಲಾವಿ ತೊಡಿಸಿ, ಮಕ್ಕಳಿಲ್ಲದ ಸರೋಜ ಚಿಕ್ಕಮ್ಮನ ಮಡಿಲಿಗೆ ಹಾಕಿಸುತ್ತಿದ್ದಳು. ನೆರೆದ ಹೆಂಗಸರೆಲ್ಲ ಚಿಕ್ಕಮ್ಮನ ಹೊಟ್ಟೆಯನ್ನೇ ನೋಡುತ್ತಿದ್ದರು. ಅವಳು ನೆಲ ನೋಡುತ್ತಿದ್ದಳು.

ತಮ್ಮನ ನಾಮಕರಣದ ದಿನ ಕಲ್ಲು ಕೊಡುವ ಕೆಲಸ ನನ್ನ ಪಾಲಿಗೆ ಬಂತು.

"ಎರಡೂ ಕೈಯಲ್ಲಿ ಹಿಡ್ಕೊಳೇ, ಮಗು ಅದು" ಎಂದಳು ಅಜ್ಜಿ.

ಉಸಿರು ಬಿಗಿಹಿಡಿದು ನಡೆದೆ. ಚಿಕ್ಕಮ್ಮ ಕೈ ಚಾಚಿದಳು. ಎಣ್ಣೆಗೆ ಜಾರಿತೋ ಏನೋ, ಕಲ್ಲು ದಡ್ ಎಂದು ನೆಲಕ್ಕೆ ಬಿತ್ತು. ಒಂದು ಚಕ್ಕೆ ಎದ್ದುಹೋಯಿತು. ಅಜ್ಜಿ ನನ್ನ ಬೆನ್ನಿಗೆ ಬಾರಿಸಿ, "ಅವಳ ಮಗೂನೇ ಕೆಡವಿದ್ಯಲ್ಲೇ!" ಎಂದು ಅತ್ತಳು.

ಒಡೆದ ಕಲ್ಲು ಬಸಿರಿಗೆ ಅಪಶಕುನವೆಂದು ಚಿಕ್ಕಮ್ಮನ ಮಡಿಲಿಗೆ ಮತ್ತೆಂದೂ ಹಾಕಲಿಲ್ಲ; ತೊಟ್ಟಿಲಿಗೆ ಮಾತ್ರ ಇಡುತ್ತಿದ್ದರು. ಅವಳಿಗೆ ಮಕ್ಕಳಾಗಲೂ ಇಲ್ಲ. ಎಲ್ಲ ನನ್ನಿಂದಲೇ ಎಂದುಕೊಂಡು ಚಿಕ್ಕಮ್ಮನ ಮುಖ ನೋಡುವುದನ್ನೇ ಬಿಟ್ಟೆ.

ಇವತ್ತೂ ಅದೇ ಕಲ್ಲು. ತಲೆ ಪೂರ್ತಿ ಬೆಳ್ಳಗಾದ ಚಿಕ್ಕಮ್ಮ ಚಕ್ಕೆ ಎದ್ದ ಜಾಗವನ್ನು ಬೆರಳಿನಿಂದ ಸವರುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಅವತ್ತು ನಾನು ಬೀಳಿಸಬಾರದಿತ್ತು ಚಿಕ್ಕಮ್ಮ."

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು.

"ನೀನು ಸರಿಯಾಗೇ ಕೊಟ್ಟಿದ್ದೆ ಕಣೆ. ನಾನೇ ಬೇಕಂತ ಕೈ ಬಿಟ್ಟೆ."