ದೊಡ್ಡವ್ವನ ಅಂಗಳದಲ್ಲಿ ಬರೆದುಕೊಂಡದ್ದು

ಸಾಫ್ಟ್‌ವೇರ್ ಚೆನ್ನಾಗಿದ್ದರೆ ಹೊಸ ಕಂಪನಿಗೆ ಬಂಡವಾಳ ಹುಟ್ಟುತ್ತದೆ ಎನ್ನುವವರ ಜೊತೆ ನನ್ನ ತಕರಾರಿದೆ. ಬಂಡವಾಳ ಹುಟ್ಟುವುದು ಒಂದೇ ಒಂದು ಪ್ರಶ್ನೆಗೆ ಕೊಡುವ ಉತ್ತರದಿಂದ. ಆ ಉತ್ತರ ಕೊಟ್ಟವಳು ನಾನೇ.

ಅಕ್ಕ ಹೊಲದ ಕೆಲಸಕ್ಕೆ ಹೆಣ್ಣಾಳು ಗೊತ್ತುಮಾಡುವ ಸಾಫ್ಟ್‌ವೇರ್ ಕಟ್ಟುತ್ತಿದ್ದಳು. ಫೋನಿನ ಬ್ರೌಸರಿನಲ್ಲೇ ತೆರೆಯುತ್ತದೆ. ಮಹಾಗಾಂವದ ರೈತ ತೊಗರಿ ಕೊಯ್ಲಿಗೆ ಎಷ್ಟು ಜನ ಬೇಕೆಂದು ಒತ್ತಿದರೆ ಸಾಕು. ಆದರೆ ಆಳುಗಳೆಲ್ಲ ಕಮಲಾಪುರದ ದೊಡ್ಡವ್ವನ ಮಾತಿಗೆ ಬರುವವರು. ಆಕೆ ನಮ್ಮವ್ವನ ಅಕ್ಕ. ಇಪ್ಪತ್ತು ವರ್ಷದಿಂದ ಹೆಂಗಸರನ್ನು ಟೆಂಪೊ ಹತ್ತಿಸಿ ಹೊಲಕ್ಕೆ ಒಯ್ಯುತ್ತಾಳೆ. ಒಂದು ಚೀಟಿಯೂ ಇಲ್ಲ, ಎಲ್ಲ ನೆನಪಿನಲ್ಲಿ.

ಒಂದು ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಹೋಗಿ, ಆಕೆಯ ಅಂಗಳದಲ್ಲಿ ಕೂತು ಅಕ್ಕ ಅದನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಮನೆಮಗಳೆಂದು ದೊಡ್ಡವ್ವ ಏನನ್ನೂ ಮುಚ್ಚಲಿಲ್ಲ.

"ಮೂಲಿಮನಿ ಅತ್ತಿ ಸೊಸಿಗಿ ಒಂದೇ ಸಾಲಿನ್ಯಾಗ ನಿಂದ್ರಸಬ್ಯಾಡ, ಕೈಯಾಗ ಕುಡಗೋಲು ಇರ್ತದ," ಎಂದು ನಕ್ಕಳು. "ಕೂಸು ಇದ್ದಾಕಿಗಿ ಊರ ಹತ್ರದ ಹೊಲಾನೇ ಕೊಡು. ಗುಡಿ ಹಿಂದಿನಾಕಿಗಿ ಬೆನ್ನುನೋವು, ಆಕಿ ಯಾರಿಗೂ ಹೇಳಂಗಿಲ್ಲ. ಕಟ್ಟು ಹೊರಸಬ್ಯಾಡ."

"ಇದೂ ಬರೀಲೇನು?" ಅಕ್ಕ ಕೇಳಿದಳು.

"ಬರಿ ಬರಿ. ನಾಳೆ ನಾ ಮರೆತ್ರ ನಿನ್ನ ಡಬ್ಬಿನೇ ಹೇಳ್ಬೇಕಲ್ಲ."

ನನಗೆ ಆಗಲೇ ಅಳುಕು ಶುರುವಾಗಿತ್ತು. ವೆಬ್ ಸಾಫ್ಟ್‌ವೇರ್ ಎಂದರೆ ನನ್ನ ದೃಷ್ಟಿಯಲ್ಲಿ ಕೀಲಿ ಇನ್ನೊಬ್ಬರ ಸೊಂಟದಲ್ಲಿರುವ ಕಣಜ. ತುಂಬುವುದಷ್ಟೇ ನಮ್ಮ ಪಾಲು. ಹೇಳಬಹುದಿತ್ತು. ದೊಡ್ಡವ್ವ ಬಿಸಿ ರೊಟ್ಟಿ ಹಾಕಿದಳು, ಉಂಡೆ.

ಹಣ ಹಾಕುವವರು ಕಲಬುರಗಿಯಲ್ಲಿ, ಐವಾನ್-ಎ-ಶಾಹಿ ಕಡೆಯ ಒಂದು ಮನೆಗೆ ಕರೆದಿದ್ದರು. ತನಗೆ ಮಾತು ಬಾರದೆಂದು ಅಕ್ಕ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನನ್ನನ್ನು ಜೊತೆಗೆ ಒಯ್ದಿದ್ದಳು. ಎಲ್ಲ ಕೇಳಿಸಿಕೊಂಡು ಅವರಲ್ಲೊಬ್ಬರು ಚಹಾದ ಕಪ್ಪು-ಬಸಿ ಸರಿಸಿದರು.

"ಎಲ್ಲಾ ಸರಿ ಅದ ರೀ. ನಾಳೆ ಆ ಮುದುಕಿ ಒಲ್ಲೆ ಅಂದ್ರ ನಿಮ್ಮ ಕಂಪನಿ ಗತಿ ಏನು?"

ಅಕ್ಕ ನೆಲ ನೋಡಿದಳು. ಚರ್ಚೆಯಲ್ಲಿ ಸುಮ್ಮನಿದ್ದವರು ಸೋತಂತೆ. ನನಗೆ ಕಲಿಸಿದ್ದು ಅದೊಂದೇ.

"ಆಕಿಗಿ ಗೊತ್ತಿದ್ದದ್ದೆಲ್ಲ ಈಗ ನಮ್ಮ ಸಿಸ್ಟಮ್‌ನ್ಯಾಗ ಅದ ರೀ. ಆಕಿ ಬೇಕಂತೇನಿಲ್ಲ."

"ಹಂಗಂದ್ರ ಆಕಿನ್ನ ಬಿಟ್ಟೇ ನಡೆಸ್ರಿ. ಅದೇ ನಮ್ಮ ಷರತ್ತು."

ಅಕ್ಕ ಸಹಿ ಹಾಕಿದಳು. ಮೆಟ್ಟಿಲಿಳಿಯುವಾಗ ನನ್ನ ಮುಖ ನೋಡದೆ, "ಗೆದ್ದಿ ನೋಡು," ಎಂದಳು.

ಈಗ ತೊಗರಿ ಒಣಗಿ ಕೊಯ್ಲಿಗೆ ಬಂದಿದೆ. ಇವತ್ತು ದೊಡ್ಡವ್ವ ಫೋನ್ ಮಾಡಿದಳು.

"ಮಹಾಗಾಂವದವ್ರು ಈ ಸಲ ಯಾರೂ ನನಗ ಕೇಳೇ ಇಲ್ಲ ಯವ್ವಾ. ನಿಮ್ಮ ಡಬ್ಬಿಯಾಗ ಏನರ ಬಂದದೇನು, ನೋಡು."

ಅಕ್ಕನ ಲ್ಯಾಪ್‌ಟಾಪಿನಲ್ಲಿ ನೋಡುತ್ತಲೇ ಇದ್ದೆ. ನಾಳೆ ಮಹಾಗಾಂವಕ್ಕೆ ಹೋಗುವ ಟೆಂಪೊ ದೊಡ್ಡವ್ವನನ್ನು ಕೇಳದೆಯೇ ಭರ್ತಿಯಾಗಿತ್ತು. ಹಣ ಹಾಕಿದವರು ಕೂರಿಸಿದ ಹುಡುಗರು ಪಟ್ಟಿಯನ್ನು ಸೋಸಿದ್ದರು: ಕೂಸಿದ್ದಾಕೆ ಇಲ್ಲ, ಬೆನ್ನುನೋವಿನಾಕೆ ಇಲ್ಲ. ಯಾರನ್ನು ಬಿಡಬೇಕೆಂದು ಅವರು ತಿಳಿದದ್ದು ದೊಡ್ಡವ್ವನ ಮಾತಿನಿಂದಲೇ.

"ಯಾಕ ಸುಮ್ಮನಾದಿ?" ಆಕೆ ನಕ್ಕಳು. "ನಿನಗೂ ಮಾತಿಗಿ ಬರ ಬಂತೇನು?"