ಕುದುರೆಯ ಕಾಲಿನ ಹೊಸ ಹಗ್ಗ

ಯುದ್ಧದ ಸಿನಿಮಾದಲ್ಲಿ ಎಷ್ಟು ಜನ ಸತ್ತರೂ ಜಗಳೂರು ಕಡೆಯ ಕುರಿಗಾರ ಉಚ್ಚಂಗೆಪ್ಪ ಎಲೆ ಅಡಿಕೆ ಮೆಲ್ಲುತ್ತಾ ಆರಾಮಾಗಿ ನೋಡುತ್ತಿದ್ದ. ಒಂದು ಕುದುರೆ ಬಿತ್ತೆಂದರೆ ಮುಗಿಯಿತು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಹೊರಗೆ ನಡೆಯುತ್ತಿದ್ದ. ನ್ಯಾಮತಿಯಲ್ಲಿ ಮಗಳು ಮಮತಾಳ ಮನೆಗೆ ಬಂದಾಗಲೆಲ್ಲ ಇದೇ ಕತೆ. ಮಮತಾ ನಗುತ್ತಿದ್ದಳು. ಹೆಂಡತಿ ಅಂಜಿನಮ್ಮನಿಗೆ ಮಾತ್ರ ಒಂದು ದಿನವೂ ನಗು ಬರಲಿಲ್ಲ.

ಅವರಿಗೂ ಒಂದು ಕುದುರೆ ಇತ್ತು. ಕುರಿ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗುವಾಗ ಪಾತ್ರೆ, ಕಂಬಳಿ, ಆಗ ತಾನೇ ಹುಟ್ಟಿದ ಮರಿ, ಎಲ್ಲ ಅದರ ಬೆನ್ನ ಮೇಲೆ. ಬೀಡು ಬಿಟ್ಟಲ್ಲಿ ಅದು ದೂರ ಹೋಗದಿರಲೆಂದು ಮುಂಗಾಲು ಎರಡನ್ನೂ ಉಣ್ಣೆ ಹಗ್ಗದಿಂದ ಸಡಿಲವಾಗಿ ಕಟ್ಟಿ ಮೇಯಲು ಬಿಡುವುದು ವಾಡಿಕೆ. ಹದಿನೆಂಟು ವರ್ಷದ ಹಿಂದೆ ಸೂಳೆಕೆರೆಯಲ್ಲಿ ಆ ಕುದುರೆ ನೀರು ಕುಡಿಯಲು ಇಳಿದು, ಕೆಸರಿನಲ್ಲಿ ಮುಗ್ಗರಿಸಿ, ಏಳಲಾಗದೆ ಸತ್ತಿತು. ಬೆಳಿಗ್ಗೆ ಕಾಲು ಕಟ್ಟಿದವನು ಉಚ್ಚಂಗೆಪ್ಪ. ನಾನೇ ಕೊಂದೆ ಅಂದವನು ಮತ್ತೆ ಕುದುರೆ ಸಾಕಲಿಲ್ಲ.

ಮೊನ್ನೆ ಭಾನುವಾರ ಮಗಳ ಮನೆಯ ಟಿವಿಯಲ್ಲಿ ಮತ್ತೆ ಅಂಥದೇ ಸಿನಿಮಾ. ಫಿರಂಗಿ ಎಳೆಯುವ ಕುದುರೆ ಹೊಂಡದಲ್ಲಿ ಹೂತುಕೊಂಡಿತು. ಸಿಪಾಯಿಯೊಬ್ಬ ಚಾಕು ತೆಗೆದವನೇ ಅದನ್ನು ಫಿರಂಗಿಗೆ ಬಿಗಿದಿದ್ದ ತೊಗಲಿನ ಪಟ್ಟಿಯನ್ನು ಹಿಂದೆಮುಂದೆ ನೋಡದೆ ಕೊಯ್ದ. ಉಚ್ಚಂಗೆಪ್ಪ ಟವೆಲ್ ತೆಗೆದುಕೊಂಡು ಎದ್ದ.

"ಕೂತ್ಕಳ್ರಿ," ಅಂದಳು ಅಂಜಿನಮ್ಮ. "ನೀವು ಕಟ್ಟಿದ್ದ ಹಗ್ಗ ಸವೆದಿತ್ತು. ನೀವು ಅತ್ಲಾಗೆ ಹೋದ ಮ್ಯಾಲೆ ಅದನ್ನ ಬಿಚ್ಚಿ, ಹೊನ್ನಾಳಿ ಸಂತೇಲಿ ತಂದಿದ್ದ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದು ನಾನು. ಕುದುರೆ ಕೆಸರಾಗೆ ಒದ್ದಾಡಿ ಗಂಟು ಬಿಗಿದುಬಿಡ್ತು. ಬಿಚ್ಚಾಕೆ ಆಗಲಿಲ್ಲ."

ಉಚ್ಚಂಗೆಪ್ಪ ನಿಂತೇ ಇದ್ದ. "ನಿನ್ನ ಸೊಂಟದಾಗೆ ಕುಡುಗೋಲು ಇತ್ತಲ್ಲ?"

"ಇತ್ತು. ಹಗ್ಗ ಹೊಸದು, ಕೊಯ್ಯಾಕೆ ಮನಸ್ಸು ಬರಲಿಲ್ಲ. ಬಿಚ್ತೀನಿ, ಬಿಚ್ತೀನಿ ಅಂತ ಕುಂತೆ. ಅಷ್ಟ್ರಾಗೆ ಅದರ ಮೂತಿ ನೀರಿಗೆ ಹೋತು. ಆಮ್ಯಾಲೆ ಕೊಯ್ದೆ. ನೀವು ಬರೋದ್ರೊಳಗೆ ಹಗ್ಗಾನ ಕೆರೆಗೆ ಎಸೆದೆ. ಕೊಯ್ದಿದ್ದು ನಿಮ್ಮ ಹಗ್ಗಾನೇ ಅಂತ ನೀವು ತಿಳ್ಕಂಡ್ರಿ."

ಹೇಳಿದರೆ ಎದೆ ಹಗುರವಾಗುತ್ತದೆ ಅಂದುಕೊಂಡಿದ್ದಳು. ಹದಿನೆಂಟು ವರ್ಷ ತನ್ನ ತಪ್ಪನ್ನು ಗಂಡನ ತಲೆಗೆ ಕಟ್ಟಿ ಸುಮ್ಮನಿದ್ದವಳಿಗೆ ಅಷ್ಟು ಸುಲಭಕ್ಕೆ ಹಗುರವಾಗುವುದೆಲ್ಲಿ ಬಂತು! ಬೈಯಲಿ, ಎರಡೇಟು ಹೊಡೆಯಲಿ ಎಂದು ಕಾದಳು.

ಉಚ್ಚಂಗೆಪ್ಪ ಬೈಯಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಮಗಳ ಪಕ್ಕಕ್ಕೆ ಹೋಗಿ ಕುಳಿತ. ಅವತ್ತು ಮೊದಲ ಸಲ ಕುದುರೆಯ ಸಿನಿಮಾವನ್ನು ಕೊನೆಯವರೆಗೂ ನೋಡಿದ. ಅಂಜಿನಮ್ಮನ ಕಡೆ ಮಾತ್ರ ನೋಡಲಿಲ್ಲ.